ಛತ್ರಿ ಬಿಚ್ಚದ ರಾಕೆಟ್ಟು

ಜನವರಿ ೮, ಬುಧವಾರ

ಇವತ್ತು ಪ್ರಿನ್ಸಿಪಾಲರ ಕೋಣೆಯಲ್ಲಿ ನಾಹಿದಾಗೆ ಖುರ್ಚಿ ಸಿಕ್ಕಿತು, ನಾನು ನಿಂತಿದ್ದೆ. ಖಾಲಿ ಇದ್ದದ್ದೇ ಒಂದು ಖುರ್ಚಿ. ಬಸವಪ್ರಭು ಸರ್ ಅದನ್ನು ಅವಳ ಕಡೆ ತೋರಿಸಿ, "ಕೂಡ್ರಿ, ಕೂಡ್ರಿ ನಾಹಿದಾ ಮೇಡಂ, ನಿಮ್ಮ ಛತ್ರಿ ಸುದ್ದಿ ಕೇಳೇನಿ" ಅಂದರು. ಈ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸಲು ಸೇರಿದಾಗ ಅವಳು ಬಹುಶಃ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಈಗ ಗಣಿತದ ಅತಿಥಿ ಉಪನ್ಯಾಸಕಿ. ವರ್ಷವರ್ಷವೂ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಖುರ್ಚಿ ಮಾತ್ರ ಅವಳಿಗೆ.

ರಾಕೆಟ್ಟು ನನ್ನದು. ಸ್ಟಾಫ್ ರೂಮಿನಲ್ಲಿ ಹೀಗೆ ಹೇಳಿಕೊಳ್ಳಲು ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬೇಡವಾದ ಸಾಮಾನುಗಳಲ್ಲೇ ಆಳೆತ್ತರದ ರಾಕೆಟ್ಟು ಕಟ್ಟಿ ಒಂದು ಕಿಲೋಮೀಟರು ಮೇಲೆ ಹಾರಿಸಬೇಕು ಎಂದು ಹೊಳೆದದ್ದು ನನಗೆ. ಜವಳಿ ಸಾಲಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಬಟ್ಟೆಯ ತಾನು ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆಗಳನ್ನು ಆರಿಸಿ ತಂದವಳು ನಾನು. ಅದರ ಮೇಲೆ ಫೈಬರ್ ಬಟ್ಟೆ ಸುತ್ತಿ ಅಂಟು ಬಳಿದವಳು ನಾನು. ಮುರಿದ ಕೇರಂ ಬೋರ್ಡಿನಲ್ಲಿ ರೆಕ್ಕೆ ಕತ್ತರಿಸಿದವಳು ನಾನು. ಕಲಘಟಗಿಯ ತೊಟ್ಟಿಲು ಮಾಡುವವರ ಮನೆಗೆ ಹೋಗಿ ಕೂತು, ಅವರು ಸೀಳು ಬಂತೆಂದು ಮೂಲೆಗೆ ಹಾಕಿದ್ದ ಮರದ ತುಂಡಿನಲ್ಲಿ ರಾಕೆಟ್ಟಿನ ಮೂಗು ಕಡೆಸಿ ತಂದವಳೂ ನಾನೇ. ನಾಹಿದಾ ಮಾಡಿದ್ದೇನು? ಅದು ಕೆಳಗಿಳಿಯುವಾಗ ಬಿಚ್ಚಬೇಕಾದ ಪ್ಯಾರಾಚೂಟನ್ನು ಹೊಲಿಯುತ್ತೇನೆ ಎಂದಳು. ಇನ್ನೂ ಸೂಜಿ ಕೈಗೆತ್ತಿಕೊಂಡಿಲ್ಲ.

ಆದರೆ ಯಾವ ಬಟ್ಟೆ ಎಂದು ಯಾರೋ ಕೇಳಿದರೆ "ಹಳೇ ಛತ್ರೀದ್ದು" ಎಂದುಬಿಟ್ಟಳು. ಅಷ್ಟು ಸಾಕಾಯಿತು. ಇಡೀ ಕಾಲೇಜು ಅಟ್ಟ ಹತ್ತಿ ಮುರುಕು ಛತ್ರಿಗಳನ್ನು ಹೊತ್ತು ತರುತ್ತಿದೆ. ಈಗ ಎಲ್ಲರ ಬಾಯಲ್ಲೂ ಛತ್ರಿ ರಾಕೆಟ್ಟು. ಮೂಗಿನ ರಾಕೆಟ್ಟು ಎಂದು ಯಾರೂ ಅನ್ನಲಿಲ್ಲ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಸಜ್ಜೆ ರೊಟ್ಟಿ ಬಡಿದು ಕೈ ಸೋತಿತ್ತು, ಅಷ್ಟರಲ್ಲಿ ನಾಹಿದಾ ಬಂದಳು. ಕೊಳವೆಯ ಒಳ ಅಳತೆ ಬೇಕಂತೆ. ರಾಕೆಟ್ಟು ಕೇಶ್ವಾಪುರದ ನಮ್ಮ ಮನೆಯ ಪಡಸಾಲೆಯಲ್ಲೇ ಮಲಗಿದೆ. ಅಳೆದಳು, ಕುಸುರೆಳ್ಳು ತಿಂದಳು, ಹೋದಳು.

ನನ್ನ ಗಂಡ ಶಂಭುಲಿಂಗ ಅಮರಗೋಳದ ಎಪಿಎಂಸಿಯಲ್ಲಿ ಕಾಳಿನ ವ್ಯಾಪಾರ ಮಾಡುವವರು. ಜನರನ್ನೂ ಕಾಳಿನ ಹಾಗೆ ಅಂಗೈಯಲ್ಲಿ ಹಾಕಿ ನೋಡುವ ಚಾಳಿ. "ಭಾಳ ಶಾಣ್ಯಾಕಿ ಅದಾಳ ನೋಡು," ಅಂದರು. "ಬಂದ್ಲು, ಅಳತಿ ತಗೊಂಡ್ಲು, ಹೋದ್ಲು. ನೀ ಆಗಿದ್ರ ಮೊದ್ಲ ನಾಕ ಮಂದಿಗೆ ಫೋನ್ ಹಚ್ಚತಿದ್ದಿ."

"ಹಂಗಾದ್ರ ರಾತ್ರಿ ರೊಟ್ಟಿ ಬಡ್ಯಾಕೂ ಅಕೀನ್ನೇ ಕರೀರಿ," ಎಂದೆ.

ರೊಟ್ಟಿ ನಾನೇ ಬಡಿದೆ. ದಪ್ಪ ಬಡಿದೆ, ಬೇಕೆಂದೇ.

ಜನವರಿ ೨೩, ಗುರುವಾರ

ಛತ್ರಿ ಮುಗಿದಿದೆ. ಕರಿ, ನೀಲಿ, ಒಂದು ಹೂವಿನದು, ಯಾವುದೋ ಕಂಪನಿಯ ಹೆಸರು ಅರ್ಧ ಉಳಿದದ್ದು, ಎಲ್ಲ ಸೇರಿ ನಮ್ಮ ಪಡಸಾಲೆಯಷ್ಟು ಅಗಲ. ಕಾಲೇಜಿನ ಮಾಳಿಗೆಯಿಂದ ಒಂದು ಇಟ್ಟಿಗೆ ಕಟ್ಟಿ ಕೆಳಗೆ ಬಿಟ್ಟರು. ಅದು ಫಡ್ ಎಂದು ಬಿಚ್ಚಿಕೊಂಡು, ಬೀಗರ ಮನೆಗೆ ಬಂದ ಹೆಂಗಸಿನ ಹಾಗೆ ಗತ್ತಿನಿಂದ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಂಗೈ ಉರಿಯುವಷ್ಟು.

ನಮ್ಮ ಅಂತಿಮ ವರ್ಷದ ಪೂನಮ್, ರಾಕೆಟ್ಟಿನ ತಂಡಕ್ಕೆಲ್ಲ ಮುಂದಾಳು, ಮೊದಲು ಏನೇ ಅನುಮಾನ ಬಂದರೂ ನನ್ನ ಹತ್ತಿರ ಓಡಿ ಬರುತ್ತಿದ್ದವಳು. ಇವತ್ತು ನನ್ನನ್ನು ದಾಟಿಕೊಂಡು ಹೋಗಿ ನಾಹಿದಾಳ ಕೈ ಹಿಡಿದು ಕುಣಿದಳು. ಛತ್ರಿಯನ್ನು ಸೀರೆಯ ನಿರಿಗೆಯ ಹಾಗೆ ಮಡಚಿ ಕೊಳವೆಯೊಳಗೆ ಇಳಿಸುವುದನ್ನು ನಾಹಿದಾ ಹುಡುಗಿಯರಿಗೆ ಕಲಿಸುತ್ತಿದ್ದಾಗ ಯಾರೂ ಗಡಿಯಾರ ನೋಡಲಿಲ್ಲ. ನನ್ನ ಕ್ಲಾಸಿನಲ್ಲಿ ಎಲ್ಲರೂ ನೋಡುತ್ತಾರೆ.

ಮನೆಗೆ ಬಂದು ಮಷಿನ್ ತೆಗೆದು ನಾನೂ ಒಂದು ಛತ್ರಿ ಬಟ್ಟೆ ಹೊಲಿದು ನೋಡಿದೆ. ಜಾರುತ್ತದೆ, ಹಾಳಾದ್ದು. ಸೂಜಿ ಮುರಿಯಿತು. ಬಟ್ಟೆಯನ್ನು ದಿಂಬಿನೊಳಗೆ ತುರುಕಿದ್ದೇನೆ.

ಫೆಬ್ರುವರಿ ೧, ಶನಿವಾರ

ತಲೆನೋವು ಎಂದು ಪೂನಮ್‌ಗೆ ಫೋನ್ ಮಾಡಿ ಹೇಳಿದೆ. ತಲೆ ನೋಯುತ್ತಿಲ್ಲ. ಹೋಗಬೇಕೆನಿಸಲಿಲ್ಲ.

ಇವತ್ತು ಎತ್ತರ ಅಳೆಯುವ ಆಲ್ಟಿಮೀಟರು ಕೂಡಿಸುವ ಕೆಲಸ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ. ಕೊಳವೆಯ ಸುತ್ತ ಸಣ್ಣ ತೂತು ಕೊರೆದಿದ್ದರೆ ಒಳಗಿನ ಈ ಪುಟ್ಟ ಯಂತ್ರಕ್ಕೆ ಅದು ಗೊತ್ತಾಗುತ್ತದೆ, ರಾಕೆಟ್ಟು ತುದಿ ಮುಟ್ಟಿದ ಕೂಡಲೇ ಛತ್ರಿಯನ್ನು ಹೊರಗೆ ನೂಕಿಸುತ್ತದೆ. ಇದನ್ನು ನಾನೇ ನಾಹಿದಾಗೆ ತಿಳಿಸಿ ಹೇಳಿದ್ದೆ. ಅಷ್ಟು ಜಾಣೆಯಾದರೆ ಅವಳೇ ಕೊರೆಯಲಿ.

ಕೊರೆದಳು. ಸಂಜೆ ಫೋಟೋ ಕಳಿಸಿ, "ಮೇಡಂ, ತೂತು ಸರಿ ಜಾಗದಾಗ ಅದಾವಿಲ್ಲ ನೋಡ್ರಿ" ಎಂದು ಬರೆದಿದ್ದಳು. ಫೋಟೋ ತೆರೆಯಲಿಲ್ಲ. ಸರಿ ಇದೆ ಎಂಬಂತೆ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿ ಕಳಿಸಿದೆ.

ಫೆಬ್ರುವರಿ ೧೦, ಸೋಮವಾರ

ಪೇಪರಿನಲ್ಲಿ ಬಂದಿದೆ. "ಮುರುಕು ಛತ್ರಿಗೆ ಮುಗಿಲಿನ ದಾರಿ." ನಾಹಿದಾ ಛತ್ರಿ ಹರಡಿಕೊಂಡು ನಗುತ್ತಿದ್ದಾಳೆ. ನಾನು "ಮತ್ತಿತರರು".

ಫೆಬ್ರುವರಿ ೧೬, ಭಾನುವಾರ

ಎಲ್ಲ ಮುಗಿಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹಾರಿಸಲು ಸಿಕ್ಕಿದ ಜಾಗ ಸುಳ್ಳ ಎಂಬ ಹಳ್ಳಿಯ ದ್ಯಾಮಣ್ಣನವರ ಹೊಲ. ಕಡಲೆ ಕಿತ್ತು ಖಾಲಿ ಬಿದ್ದ ಎರೆಭೂಮಿ, ಹತ್ತಿರದಲ್ಲಿ ಮನೆಯಿಲ್ಲ, ಮರವಿಲ್ಲ. ಪರವಾನಗಿಗಳೆಲ್ಲ ಆಗಿದ್ದವು. ರಾಕೆಟ್ಟನ್ನು ಮೇಲೆ ನೂಕುವ, ಮದ್ದು ತುಂಬಿದ ಮೋಟರನ್ನು ತಂದವನು ಪ್ರತಾಪ ಎಂಬ ಎಂಜಿನಿಯರು. ಅದನ್ನು ಮುಟ್ಟುವ ಲೈಸೆನ್ಸು ಅವನೊಬ್ಬನಿಗೇ ಇರುವುದು. ಅವನು ರಾಕೆಟ್ಟನ್ನು ಮೂಗಿನಿಂದ ರೆಕ್ಕೆಯವರೆಗೆ ತಪಾಸಣೆ ಮಾಡಿ, "ಎಲ್ಲಾ ಛಲೋ ಐತ್ರಿ, ಇನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ತಂತಿ ಎಳೆಯಲು ಹೋದ.

ಆಗ ಬಸವಪ್ರಭು ಸರ್, "ಅಲ್ಲರಿ, ಪೂಜಾ ಆತೇನು?" ಎಂದರು.

ಹೊಸ ಟ್ರ್ಯಾಕ್ಟರಿಗೆ, ಹೊಸ ಕಂಪ್ಯೂಟರಿಗೆ ಪೂಜೆ ಮಾಡುವ ಊರಿನಲ್ಲಿ ರಾಕೆಟ್ಟಿಗೆ ಮಾಡದೆ ಬಿಡುವುದುಂಟೇ. ನಾನು ಮುಂದೆ ಹೋದೆ. ನಾಹಿದಾ ನಮಗೆ ಜಾಗ ಬಿಟ್ಟು ದೂರ ಹೋಗಿ ಲ್ಯಾಪ್‌ಟಾಪಿನ ಹತ್ತಿರ ಕೂತಳು. ಈ ಒಂದು ಕೆಲಸಕ್ಕೆ ಅವಳು ಬರುವಂತಿರಲಿಲ್ಲ, ಅದು ನನಗೆ ಹಿತವಾಯಿತು. ಪರ್ಸಿನಿಂದ ವಿಭೂತಿ ಗಟ್ಟಿ ತೆಗೆದು, ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಕೊಳವೆಯ ಸುತ್ತಲೂ ಎಳೆದೆ. ಪೇಪರಿನವರ ಕ್ಯಾಮೆರಾ ನನ್ನ ಕಡೆ ತಿರುಗಿತು. ಚೆನ್ನಾಗಿ ಕಾಣಲಿ ಎಂದು ಇನ್ನೊಮ್ಮೆ ದಪ್ಪಗೆ ಎಳೆದೆ. ಬಿಸಿಲಿಗೆ ಅಲ್ಲೇ ಒಣಗಿ ಬೆಳ್ಳಗೆ ಎದ್ದು ಕಂಡಿತು.

ಗುಂಡಿ ಒತ್ತುವವರು ಯಾರು? ಬಸವಪ್ರಭು ಸರ್ ಕರೆದದ್ದು ನಾಹಿದಾಳನ್ನು.

ಹಾರಿತು. ಎದೆಯೊಳಗೆ ಯಾರೋ ಗುದ್ದಿದ ಹಾಗೆ ಸದ್ದಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿ ಹೊಗೆಯ ಗೆರೆ ಮಾತ್ರ ಉಳಿಯಿತು. ನಾನು ಕಟ್ಟಿದ್ದು ಅಷ್ಟು ನೆಟ್ಟಗೆ ಹೋದದ್ದನ್ನು ನೋಡಿ ಅತ್ತೆ. ಮೇಲೆ ತುದಿಯಲ್ಲಿ ಅದು ಮೆಲ್ಲಗೆ ತಲೆ ಬಾಗಿಸಿತು. "ಈಗ ಬಿಚ್ಚತೈತಿ, ಈಗ ಬಿಚ್ಚತೈತಿ," ಎಂದು ಪೂನಮ್ ಚೀರುತ್ತಿದ್ದಳು. ಬಿಚ್ಚಲಿಲ್ಲ. ಮೂಗು ಕೆಳಗೆ ಮಾಡಿ ಸೀಟಿ ಹೊಡೆಯುತ್ತಾ ಬಂದು ಹೊಲದ ಆ ತುದಿಯಲ್ಲಿ ನೆಲಕ್ಕೆ ಹೊಕ್ಕಿತು. ಯಾರಿಗೂ ಏನೂ ಆಗಲಿಲ್ಲ. ದ್ಯಾಮಣ್ಣನವರು ಗುಂಡಿಯನ್ನು ಬಗ್ಗಿ ನೋಡಿ, "ಇಲ್ಲೆ ಬೋರ್ ಹೊಡಸೂದಿತ್ತು, ಅರ್ಧಾ ಕೆಲಸ ನೀವ ಮಾಡಿದ್ರಿ" ಅಂದರು. ಒಬ್ಬರೂ ನಗಲಿಲ್ಲ.

ನಾಹಿದಾ ಮೊಣಕಾಲೂರಿ ಕೈಯಿಂದಲೇ ಮಣ್ಣು ಬಗೆದಳು. ಮುರಿದ ಕೊಳವೆಯನ್ನು ಹೊರಗೆಳೆದು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಎದ್ದು ನಿಂತು, "ಛತ್ರೀದೇ ತಪ್ಪ ಇರಬೇಕ್ರಿ ಸರ್" ಎಂದಳು.

ನನ್ನ ರಾಕೆಟ್ಟು ಮಣ್ಣಾಗಿತ್ತು. ಆದರೆ ಆ ಮಾತು ಕಿವಿಗೆ ಬಿದ್ದಾಗ ನನಗೆ ಮೊದಲು ಬಂದದ್ದು ದುಃಖವಲ್ಲ.

ಫೆಬ್ರುವರಿ ೧೭, ಸೋಮವಾರ

ಚೆನ್ನಾಗಿ ನಿದ್ದೆ ಬಂತು. ಚೆನ್ನಾಗಿ ಉಂಡೆ.

ಫೆಬ್ರುವರಿ ೧೯, ಬುಧವಾರ

ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಹತ್ತಿರ ಬಂದು ಕನಿಕರ ಹೇಳುತ್ತಾರೆ. "ಪಾಪ, ನಿಮ್ಮ ರಾಕೆಟ್ಟು." ಈಗ ನನ್ನದಾಯಿತು ನೋಡಿ. ನಾಹಿದಾ ಮೂಲೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಾಳೆ, ಯಾರೂ ಅವಳ ಕಡೆ ಹೋಗುವುದಿಲ್ಲ. ಬಸವಪ್ರಭು ಸರ್ ನನಗೇ ಖುರ್ಚಿ ಎಳೆದು ಕೂಡಿಸಿ, "ಮುಂದಿನ ವರ್ಷ ಗಣಿತಕ್ಕ ಬ್ಯಾರೇದವರನ್ನ ನೋಡೂಣು ಅಂತೇನಿ. ಪೇಪರಿನ್ಯಾಗ ಕಾಲೇಜಿನ ಮರ್ಯಾದಿ ಹೋತಲ್ಲರಿ" ಎಂದರು. ಮಾರ್ಚ್ ಮೂರಕ್ಕೆ ಆಡಳಿತ ಮಂಡಳಿಯ ಸಭೆ. ಅಷ್ಟರಲ್ಲಿ ತಪ್ಪು ಎಲ್ಲಾಯಿತು ಎಂದು ನಾನು ವರದಿ ಬರೆದು ಕೊಡಬೇಕು.

ಖುರ್ಚಿ ಮೆತ್ತಗಿದೆ. ಬಹಳ ಹೊತ್ತು ಕೂತೆ.

ಫೆಬ್ರುವರಿ ೨೨, ಶನಿವಾರ

ವರದಿಗಾಗಿ ಚೀಲ ಬಿಚ್ಚಿದೆ. ಲ್ಯಾಬಿನಲ್ಲಿ ನನ್ನ ಮೇಜಿನ ಕೆಳಗೇ ಇತ್ತು. ಹೊಲಿಗೆ ಎಲ್ಲಿ ಹರಿದಿದೆ, ಹಗ್ಗ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಲು ಕೂತೆ. ಎಲ್ಲೂ ಇಲ್ಲ. ಛತ್ರಿ ಮಡಚಿಟ್ಟ ಹಾಗೇ, ನಿರಿಗೆ ಕೂಡ ಕದಲದೆ ಒಳಗಿತ್ತು. ಅದನ್ನು ಯಾರೂ ಹೊರಗೆ ನೂಕೇ ಇರಲಿಲ್ಲ. ಆಲ್ಟಿಮೀಟರನ್ನು ಕಂಪ್ಯೂಟರಿಗೆ ಹಚ್ಚಿ ನೋಡಿದೆ. ಅದರ ಪ್ರಕಾರ ರಾಕೆಟ್ಟು ನೆಲ ಬಿಟ್ಟೇ ಇಲ್ಲ.

ಆಮೇಲೆ ಕೊಳವೆ ತಿರುಗಿಸಿದೆ. ನನ್ನ ಮೂರು ಬೆರಳಿನ ಗೆರೆ. ನಾಹಿದಾ ಕೊರೆದ ತೂತುಗಳೆಲ್ಲ ಆ ಗೆರೆಯ ಕೆಳಗೆ. ಒಂದೊಂದರಲ್ಲೂ ವಿಭೂತಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿದೆ. ಗಾಳಿ ಹೋಗಲು ದಾರಿಯೇ ಇಲ್ಲ, ಯಂತ್ರಕ್ಕೆ ಎತ್ತರ ತಿಳಿಯುವುದು ಹೇಗೆ? ಅದು ನೆಲದ ಮೇಲೇ ಇದ್ದೇನೆ ಎಂದುಕೊಂಡು ಸುಮ್ಮನೆ ಕೂತಿದೆ.

ಆ ಫೋಟೋವನ್ನು ಇವತ್ತು ತೆರೆದು ನೋಡಿದೆ. ತೂತುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದ್ದಾಳೆ.

ಒರೆಸುವ ಬಟ್ಟೆಯೊಂದನ್ನು ಒದ್ದೆ ಮಾಡಿಕೊಂಡೆ. ಒಂದು ಸಲ ಒರೆಸಿದ್ದರೆ ಮುಗಿಯುತ್ತಿತ್ತು, ಬಾಗಿಲು ಮುಚ್ಚಿತ್ತು, ಯಾರೂ ಇರಲಿಲ್ಲ. ಕೊಳವೆಯ ಮೇಲೆ ಬಟ್ಟೆ ಇಟ್ಟೆ ಕೂಡ. ಮತ್ತೆ ತೆಗೆದೆ. ಚೀಲಕ್ಕೆ ಹಾಕಿ ಹಾಗೇ ಕಟ್ಟಿಟ್ಟು ಬಂದೆ.

ಫೆಬ್ರುವರಿ ೨೪, ಸೋಮವಾರ

ಬರೆಯುವುದೇನಿಲ್ಲ.

ಫೆಬ್ರುವರಿ ೨೬, ಬುಧವಾರ

ಶಿವರಾತ್ರಿ. ಉಪವಾಸ. ಸ್ನಾನ ಮಾಡಿ ವಿಭೂತಿಗೆ ಕೈ ಹಾಕಿದೆ, ಹಣೆಯವರೆಗೆ ಕೈ ಏಳಲಿಲ್ಲ. ಇವರು ನೋಡಿಬಿಟ್ಟರು. ಕೇಳಿದರು, ಎಲ್ಲ ಹೇಳಿದೆ.

ಗಡ್ಡ ಕೆರೆದುಕೊಂಡು, "ಬಿಡು," ಅಂದರು. "ನೀ ಹೇಳಿದ್ರ ನಿನಗೂ ಕೆಟ್ಟ, ಕಾಲೇಜಿಗೂ ಕೆಟ್ಟ. ಆ ಹುಡುಗಿ ಶಾಣ್ಯಾಕಿ ಅದಾಳ, ಬ್ಯಾರೆ ಕಡೆ ಎಲ್ಲ್ಯರೆ ನೌಕರಿ ಹಿಡೀತಾಳ."

ಇವರು ಬೇರೆ ಏನಾದರೂ ಹೇಳಬಹುದಿತ್ತು. ಅವಳು ಜಾಣೆ ಎಂದು ಸಂಕ್ರಾಂತಿಯಂದು ಅಂದಾಗ ಸಿಟ್ಟು ಬಂದಿತ್ತು, ಇವತ್ತು ಅದೇ ಮಾತಿಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಜಾಣೆಯಾದರೆ ಅವಳೇ ಯಾಕೆ ಬೇರೆ ಕಡೆ ಹೋಗಬೇಕು?

ಮಾರ್ಚ್ ೩, ಸೋಮವಾರ

ಹೇಳಿದೆ.

ಕೊಳವೆಯನ್ನು ಸಭೆಯ ಮೇಜಿನ ಮೇಲೆ ಇಟ್ಟೆ. ಆಡಳಿತ ಮಂಡಳಿಯವರು, ಬಸವಪ್ರಭು ಸರ್, ಬಾಗಿಲ ಬಳಿ ನಾಹಿದಾ. ತೂತು ತೋರಿಸಿದೆ, ಗೆರೆ ತೋರಿಸಿದೆ, ಇದು ನನ್ನ ಬೆರಳು ಎಂದೆ.

"ಆತಲ್ಲ, ಆತಲ್ಲ," ಎಂದರು ಬಸವಪ್ರಭು ಸರ್. "ವರದಿಯೊಳಗ ವಿಭೂತಿ ಅಂತೆಲ್ಲ ಬರೀಬ್ಯಾಡ್ರಿ. ತಾಂತ್ರಿಕ ದೋಷ ಅಂತ ಬರೀರಿ, ಮುಗೀತು."

"ತಾಂತ್ರಿಕ ದೋಷ ಅಂದ್ರ ಛತ್ರಿ ಮ್ಯಾಲೇ ಬರ್ತೈತಿ ಸರ್. ನನ್ನ ಹೆಸರು ಬರೀರಿ."

ಮಂಡಳಿಯ ಹಿರಿಯರೊಬ್ಬರು, "ಅಲ್ಲ ಬಾಯಾರ, ಶಿವರಾತ್ರಿ ಮುಗದು ವಾರ ಆಗಿಲ್ಲ. ದೇವರಿಗೆ ಯಾಕ ಕೆಟ್ಟ ಹೆಸರು ತರ್ತೀರಿ?" ಎಂದರು.

"ದೇವರು ಹಚ್ಚು ಅಂದಿರಲಿಲ್ರಿ," ಎಂದೆ. "ಫೋಟೋದಾಗ ನಾ ಕಾಣಬೇಕು ಅಂತ ನಾನೇ ಹಚ್ಚಿದ್ದು. ಅದೂ ಎರಡ ಸಲ."

ಹೀಗೆ ಹೇಳಬೇಕೆಂದು ಮನೆಯಿಂದ ಅಂದುಕೊಂಡು ಹೋಗಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ನಾಹಿದಾಳನ್ನು ಮುಂದುವರಿಸುವುದು ಎಂದಾಯಿತು. ಮುಂದಿನ ರಾಕೆಟ್ಟು ಪೂರ್ತಿ ಅವಳ ಕೈಗೆ. ಅವಳು ಕರೆದಾಗ ನಾನು ಹೋಗಿ ಸಹಾಯ ಮಾಡಬೇಕು, ಹೇಳಿದಷ್ಟು ಮಾತ್ರ.

ಹೊರಗೆ ಬಂದಾಗ ನನ್ನ ಬಗ್ಗೆ ನನಗೇ ಹೆಮ್ಮೆ. ಅದು ಚಿಗರಿ ಬಸ್ಸಿನ ಸ್ಟಾಪಿನವರೆಗೂ ಉಳಿಯಲಿಲ್ಲ. ನಾಹಿದಾ ಧಾರವಾಡದ ಬಸ್ಸಿಗೆ ಕಾಯುತ್ತಿದ್ದಳು. ಥ್ಯಾಂಕ್ಸ್ ಎನ್ನುತ್ತಾಳೆ, ನಾನು ಇರಲಿ ಬಿಡಿ ಎನ್ನಬೇಕು ಎಂದು ತಯಾರಾಗಿ ಹೋದೆ.

"ನನಗ ಆವತ್ತೇ ಗೊತ್ತಿತ್ರಿ," ಎಂದಳು.

ಏನು ಗೊತ್ತಿತ್ತು ಎಂದು ಕೇಳುವಷ್ಟು ದಡ್ಡಿ ನಾನಲ್ಲ. "ಹಂಗಾರ ಯಾಕ ಹೇಳಲಿಲ್ರಿ?"

"ಯಾರ ಮುಂದ ಹೇಳ್ಲಿ ಮೇಡಂ? ವಿಭೂತಿ ಹಚ್ಚಿದ್ದಕ್ಕ ರಾಕೆಟ್ಟು ಬಿತ್ತು ಅಂತ ನಾಹಿದಾ ಹೇಳಿದ್ಲು ಅಂದ್ರ, ಮರುದಿನ ಗೇಟಿನ ಮುಂದ ಎಷ್ಟ ಮಂದಿ ಬಂದು ನಿಂದರ್ತಿದ್ರು ನೀವೇ ಹೇಳ್ರಿ. ನಮ್ಮ ಮನಿ ಮುಂದ ಎಷ್ಟ ಮಂದಿ? ನೌಕರಿ ಒಂದೇ ಹೋಗೂದು ಸಸ್ತಾ ಅನ್ನಿಸ್ತು."

"ನನ್ನ ಒಬ್ಬಾಕಿ ಮುಂದರೆ ಹೇಳಬೇಕಿತ್ತು."

"ಚೀಲ ನಿಮ್ಮ ಟೇಬಲ್ ಕೆಳಗ ತಂದಿಟ್ಟಾಕಿ ಯಾರು ಅಂತೀರಿ? ನೋಡ್ತೀರಿ, ಬರ್ತೀರಿ ಅಂತ ದಿನಾ ಕಾದೆ. ನೋಡಿದ್ರಿ ಅನ್ನೂದೂ ಗೊತ್ತಾತು, ಗಂಟು ಬ್ಯಾರೆ ನಮೂನಿ ಹಾಕಿದ್ರಿ. ಆದ್ರೂ ಬರಲಿಲ್ಲ." ಬಸ್ಸು ಬಂತು. "ಇವತ್ತ ಬಂದ್ರಿ. ಛಲೋ ಆತು."

ಹತ್ತಿ ಹೋದಳು. ಥ್ಯಾಂಕ್ಸ್ ಅನ್ನಲಿಲ್ಲ.

ನಾನು ಗೆದ್ದೆ ಎಂದುಕೊಂಡ ಕಡೆಯಲ್ಲೂ ಅವಳು ಮೊದಲೇ ಹೋಗಿ ನಿಂತಿದ್ದಳು. ಇದೂ ಹೊಟ್ಟೆ ಉರಿಸಿತು, ನಿಜ ಹೇಳಬೇಕೆಂದರೆ. ಆದರೆ ಮನೆಯವರೆಗೂ ಕಾಡಿದ್ದು ಬೇರೆ ಮಾತು. ಇಷ್ಟು ದಿನ ಅವಳ ಹತ್ತಿರ ಇರುವುದನ್ನೆಲ್ಲ ಎಣಿಸಿ ಎಣಿಸಿ ಉರಿದುಕೊಂಡೆ. ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿ ಮನೆಗೆ ಬಂದು ಉಣ್ಣುವುದು ನನಗೆ ಸಾಧ್ಯ, ಅವಳಿಗೆ ಸಾಧ್ಯವಿಲ್ಲ. ಅದನ್ನು ಒಮ್ಮೆಯೂ ಎಣಿಸಿರಲಿಲ್ಲ.

ಮಾರ್ಚ್ ೯, ಭಾನುವಾರ

ನಾಹಿದಾ ಬೆಳಿಗ್ಗೆಯೇ ಬಂದಳು. ಹೊಸ ಕೊಳವೆ ನಾನು ತಂದಿಟ್ಟಿದ್ದೆ. ಇವರು ಮರೆತು ಚಹಾ ತಂದು ಕೊಟ್ಟು, ಅವಳಿಗೆ ರಂಜಾನಿನ ರೋಜಾ, ಉಪವಾಸ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡು, ಅವಳದ್ದನ್ನೂ ತಾವೇ ಕುಡಿದರು.

ನನಗೆ ಛತ್ರಿಯ ಅಂಚು ಹೊಲಿಯುವ ಕೆಲಸ. ಹೊಲಿದೆ. ನೋಡಿದಳು, "ಬಿಚ್ಚರಿ" ಎಂದಳು. ಮತ್ತೆ ಹೊಲಿದೆ, ಮತ್ತೆ "ಬಿಚ್ಚರಿ". ಬಟ್ಟೆಯನ್ನು ಎಳೆಯಬಾರದು, ಅದು ಹೋದ ಹಾಗೆ ಬಿಡಬೇಕು ಎಂದು ನನ್ನ ಕೈ ಹಿಡಿದು ತೋರಿಸಿದಳು. ಆಮೇಲೆ ಜಾರಲಿಲ್ಲ.

ಇಬ್ಬರೂ ಎದುರುಬದುರು ಕೂತು ಬಹಳ ಹೊತ್ತು ಹೊಲಿದೆವು. ನನಗೆ ತಡೆಯಲಾಗಲಿಲ್ಲ. "ನನ್ನ ಮ್ಯಾಲ ಸಿಟ್ಟ ಐತೇನವಾ ನಿನಗ?" ಎಂದು ಕೇಳಿದೆ.

"ಐತ್ರಿ," ಎಂದಳು, ತಲೆ ಎತ್ತದೆ. "ಹೋಗ್ತೈತಿ. ಒಮ್ಮಿಗೇ ಹೋಗಂಗಿಲ್ಲ."

ಅವಳು ಅಷ್ಟು ನೇರ ಹೇಳಿದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲ ಅನಿಸಿತು. ಯಾರ ಮುಂದೆಯೂ ಆಡದ ಮಾತನ್ನು ಆಡಿಬಿಟ್ಟೆ. "ನನಗೂ ನಿನ್ನ ಮ್ಯಾಲ ಹೊಟ್ಟಿಕಿಚ್ಚ ಇತ್ತು. ಭಾಳ. ಇನ್ನೂ ಸ್ವಲ್ಪ ಐತಿ."

ನಾಹಿದಾ ಹಲ್ಲಿನಿಂದ ದಾರ ಕತ್ತರಿಸಿದಳು. "ಅದು ಇಡೀ ಕಾಲೇಜಿಗೆ ಗೊತ್ತೈತಲ್ರಿ ಮೇಡಂ. ಪೂನಮ್‌ಗೆ ಗೊತ್ತೈತಿ, ಪ್ರಿನ್ಸಿಪಾಲರಿಗೆ ಗೊತ್ತೈತಿ. ನಿಮ್ಮ ಮನಿಯವರಿಗೂ ಗೊತ್ತೈತಿ, ಬೇಕಾರ ಕೇಳ್ರಿ."

ಒಳಗಿನಿಂದ ಇವರು ಕೆಮ್ಮಿದರು.

ಹಾಗಾದರೆ ಜನವರಿಯಿಂದ ನಾನು ಕದ ಹಾಕಿಕೊಂಡು ಇದನ್ನೆಲ್ಲ ಬರೆದದ್ದು ಯಾರಿಂದ ಮುಚ್ಚಿಡಲು? ಗೊತ್ತಿಲ್ಲದಿದ್ದವಳು ನಾನೊಬ್ಬಳೇ ಇರಬೇಕು.